ಗೆಳೆಯ ಕರೆದನೋ, ಯಂತ್ರ ಕೂಗಿತೋ?

ಮಕ್ಕಳು ಕಂಪ್ಯೂಟರಿನಲ್ಲಿ ಆಟವಾಡುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಮುಗಿಯುವುದೇ ಇಲ್ಲ. ಆ ದೊಡ್ಡ ಚರ್ಚೆಯನ್ನು ಈ ವಾರ ಬದಿಗಿಡೋಣ. ಅದಕ್ಕಿಂತ ಚಿಕ್ಕದಾದ, ಆದರೆ ಮನೆಯ ನೆಮ್ಮದಿಯನ್ನು ದಿನಾಲೂ ಕದಡುವ ಒಂದು ಸಂಗತಿಯಿದೆ. ಮಗ ಕಂಪ್ಯೂಟರಿನ ಮುಂದೆ ಕುಳಿತು ಪಾಠದ ಟಿಪ್ಪಣಿ ಬರೆಯುತ್ತಿರುತ್ತಾನೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಚೀಟಿ ಮೇಲೇಳುತ್ತದೆ. ಜೊತೆಗೊಂದು ಸಣ್ಣ ಸದ್ದು. ಇಂಥ ಗೆಳೆಯ ಈಗ ಇಂಥ ಆಟ ಆಡುತ್ತಿದ್ದಾನೆ ಎಂದು ಅದರಲ್ಲಿ ಬರೆದಿರುತ್ತದೆ. ನಾಲ್ಕಾರು ಕ್ಷಣಗಳಲ್ಲಿ ಚೀಟಿ ಮಾಯವಾಗುತ್ತದೆ, ಅದರ ಹಿಂದೆಯೇ ಹುಡುಗನ ಮನಸ್ಸೂ ಪಾಠದಿಂದ ಮಾಯವಾಗುತ್ತದೆ. ಮಕ್ಕಳು ಇದನ್ನು ನೋಟಿಫಿಕೇಶನ್ ಎನ್ನುತ್ತಾರೆ. ನಾವು ಸೂಚನೆ ಎನ್ನೋಣ.

ಈ ಸೂಚನೆಗಳು ಹೆಚ್ಚಾಗಿ ಬರುವುದು ಸ್ಟೀಮ್ ಎಂಬ ವ್ಯವಸ್ಥೆಯಿಂದ. ಹೆಸರು ಕೇಳದ ತಂದೆತಾಯಿಗಳಿಗಾಗಿ ನಾಲ್ಕು ಮಾತು. ಅಮೆರಿಕದ ವಾಲ್ವ್ ಎಂಬ ಕಂಪನಿ ಇದನ್ನು 2003ರಲ್ಲಿ ಆರಂಭಿಸಿತು. ಕಂಪ್ಯೂಟರ್ ಆಟಗಳನ್ನು ಕೊಳ್ಳುವ ಅಂಗಡಿ, ಕೊಂಡದ್ದನ್ನು ಇಟ್ಟುಕೊಳ್ಳುವ ಕಪಾಟು, ಗೆಳೆಯರು ಸೇರುವ ಕಟ್ಟೆ, ಮೂರೂ ಇದೊಂದರಲ್ಲೇ ಇವೆ. 2015ರಿಂದ ನಮ್ಮ ರೂಪಾಯಿಯಲ್ಲೇ ಬೆಲೆ ತೋರಿಸುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ಒಂದೇ ಹೊತ್ತಿಗೆ 4 ಕೋಟಿಗಿಂತ ಹೆಚ್ಚು ಜನ ಇದರೊಳಗೆ ಇದ್ದರು. 13 ವರ್ಷ ತುಂಬದವರಿಗೆ ಇದರಲ್ಲಿ ಖಾತೆ ತೆರೆಯಲು ಅವಕಾಶವಿಲ್ಲ, ಇದು ಕಂಪನಿಯದೇ ನಿಯಮ. ಹಣ ಕಟ್ಟಿ ಆಡುವ ರಮ್ಮಿ ಮೊದಲಾದವುಗಳ ಜೊತೆ ಇದನ್ನು ಕಲಸಬೇಡಿ. ಆ ಬಗೆಯ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಅದರ ವಿಷಯವೇ ಬೇರೆ.

ಎಲ್ಲ ಸೂಚನೆಯೂ ಕೆಟ್ಟದ್ದಲ್ಲ. ಮುನಿರಾಬಾದಿನ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಕೆಲವನ್ನು ತೆರೆದು ಹೊಳೆಗೆ ನೀರು ಬಿಡುವಾಗ ಕೆಳಗಿನ ಊರುಗಳಿಗೆ ಮುನ್ನೆಚ್ಚರಿಕೆ ಕೊಡುತ್ತಾರೆ. ನೀರು ಹೆಚ್ಚಾದರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ದಂಡೆಯ ಗದ್ದೆಗಳಿಗೆ ನೀರು ನುಗ್ಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಹೊಳೆಸಾಲಿನ ಜನ ಆ ಎಚ್ಚರಿಕೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಎಂಬುದು ನೆನಪಿರಬಹುದು. ಈಗ ಒಂದು ಕ್ಷಣ ಊಹಿಸಿ: ಗೇಟು ತೆರೆದಾಗ ಮಾತ್ರವಲ್ಲ, ಕಾಲೋನಿಯಲ್ಲಿ ಯಾರಾದರೂ ಮನೆಯಿಂದ ಹೊರಗೆ ಬಂದಾಗ, ಚಹಾದ ಅಂಗಡಿಯಲ್ಲಿ ಕುಳಿತಾಗ, ವಾಪಸ್ಸು ಹೋದಾಗ, ಪ್ರತಿ ಸಲವೂ ಅದೇ ಸೈರನ್ ಕೂಗಿದರೆ? ಒಂದು ವಾರದಲ್ಲಿ ಅರ್ಧ ಊರು ಸೈರನ್ನಿಗೆ ಕಿವುಡಾಗುತ್ತದೆ. ಉಳಿದರ್ಧ ಊರು ಕೆಲಸ ಬಿಟ್ಟು ಬಾಗಿಲಲ್ಲೇ ನಿಂತಿರುತ್ತದೆ. ನಮ್ಮ ಮಕ್ಕಳ ಪಾಡು ಈ ಎರಡನೆಯದು.

ಈ ಹುಡುಗರ ಗೆಳೆಯರ ಪಟ್ಟಿಯಲ್ಲಿ ಐದಾರು ಹೆಸರುಗಳಿರುವುದಿಲ್ಲ. ಸಾಮಾನ್ಯ ಖಾತೆಯೊಂದಕ್ಕೆ 250 ಗೆಳೆಯರವರೆಗೂ ಸ್ಟೀಮ್ ಅವಕಾಶ ಕೊಡುತ್ತದೆ, ಖಾತೆಯ ಮಟ್ಟ ಏರಿದಂತೆ ಮಿತಿ ಇನ್ನೂ ಏರುತ್ತದೆ. ಐವತ್ತು ಹೆಸರುಗಳೆಂದೇ ಇಟ್ಟುಕೊಳ್ಳಿ. ಆ ಐವತ್ತು ಜನ ಸಂಜೆ ಆರರಿಂದ ರಾತ್ರಿ ಹನ್ನೊಂದರೊಳಗೆ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ, ಒಂದೊಂದು ಆಟ ತೆರೆಯುತ್ತಾರೆ. ಓದಿನ ಹೊತ್ತು, ಊಟದ ಹೊತ್ತು, ಜಪಸರದ ಹೊತ್ತು ಎಲ್ಲವೂ ಬೀಳುವುದು ಅದೇ ಐದು ಗಂಟೆಗಳಲ್ಲಿ.

ಇಲ್ಲಿ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದ ಮಾತೊಂದಿದೆ. ಆ ಚೀಟಿಯನ್ನು ಗೆಳೆಯ ಕಳುಹಿಸಿಲ್ಲ. ಅವನು ತನ್ನ ಪಾಡಿಗೆ ತಾನು ಆಟ ತೆರೆದ. ನಿಮ್ಮ ಮಗನ ನೆನಪೂ ಅವನಿಗೆ ಆ ಕ್ಷಣದಲ್ಲಿ ಇರಲಿಕ್ಕಿಲ್ಲ. ಅವನು ಆಡುತ್ತಿರುವುದನ್ನು ಕಂಡು ಸುದ್ದಿ ಮುಟ್ಟಿಸಿದ್ದು ಯಂತ್ರ. ಹಾಗೆ ಮುಟ್ಟಿಸಿದರೆ ಇನ್ನೊಬ್ಬ ಬರುತ್ತಾನೆ, ಅವನು ಬಂದದ್ದನ್ನು ಕಂಡು ಮತ್ತೊಬ್ಬ ಬರುತ್ತಾನೆ ಎಂಬುದು ಅಂಗಡಿಯವನಿಗೆ ಗೊತ್ತು. “ಲೇ, ಒಬ್ಬ ಕಮ್ಮಿ ಬಿದ್ದಾನ, ಬರ್ತೀಯೇನು?” ಎಂದು ಗೆಳೆಯನೇ ಕೈಯಾರೆ ಬರೆದು ಕಳುಹಿಸಿದರೆ ಅದು ಬೇರೆ. ಅದು ನಿಜವಾದ ಕರೆ. ಅದಕ್ಕೆ ಹೂಂ ಅಥವಾ ಊಹೂಂ ಎಂದು ಉತ್ತರ ಕೊಡುವುದು ಸೌಜನ್ಯ. ಯಂತ್ರದ ಸುದ್ದಿಗೆ ಉತ್ತರ ಕೊಡಬೇಕಾದ ಹಂಗು ಯಾರಿಗೂ ಇಲ್ಲ. ಹುಡುಗರಿಗೆ ಈ ಎರಡೂ ಒಂದೇ ಮೂಲೆಯಲ್ಲಿ ಬರುವುದರಿಂದ ಎರಡೂ ಒಂದೇ ಎಂಬ ಭ್ರಮೆಯಾಗುತ್ತದೆ. ಹೋಗದಿದ್ದರೆ ಗೆಳೆಯನಿಗೆ ದ್ರೋಹ ಮಾಡಿದಂತೆ ಎಂದು ಒಳಗೊಳಗೇ ಚಡಪಡಿಸುತ್ತಾರೆ. ಹಿರಿಯರಾದ ನಮಗೆ ಅದು ಬರಿಯ ಆಟದ ಚಟವಾಗಿ ಕಾಣುತ್ತದೆ. ಅದರೊಳಗೆ ಗೆಳೆತನದ ದಾಕ್ಷಿಣ್ಯವೂ ಇದೆ ಎಂಬುದನ್ನು ಗಮನಿಸಿದರೆ ಮಗನ ಜೊತೆ ಮಾತು ಸುಲಭವಾಗುತ್ತದೆ.

ಇನ್ನೂ ಒಂದು ವಿಷಯ ತಂದೆತಾಯಿಗಳಿಗೆ ತಿಳಿದಿದ್ದರೆ ಒಳ್ಳೆಯದು. ಕೌಂಟರ್ ಸ್ಟ್ರೈಕ್‌ನಂತಹ ಆಟದಲ್ಲಿ ಒಂದೊಂದು ತಂಡದಲ್ಲಿ ಐದೈದು ಜನ. ಒಂದು ಪಂದ್ಯ ಮುಗಿಯಲು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬೇಕು. ನಡುವೆ ಎದ್ದುಹೋದರೆ ಉಳಿದ ನಾಲ್ವರು ಸೋಲುತ್ತಾರೆ, ಎದ್ದವನನ್ನು ಆಟವೇ ಕೆಲಕಾಲ ಹೊರಗಿಡುತ್ತದೆ. ಕಬಡ್ಡಿ ಪಂದ್ಯದ ನಡುವೆ ಆಟಗಾರನನ್ನು ಅಂಗಿ ಹಿಡಿದು ಎಳೆದೊಯ್ದರೆ ಹೇಗೋ ಹಾಗೆ. “ಸಾಕು, ಈಗಿಂದೀಗಲೇ ಬಂದ್ ಮಾಡು” ಎಂದು ಅಪ್ಪ ಗದರುವುದು, “ಹತ್ತು ನಿಮಿಷ ತಡೀರಿ ಅಪ್ಪಾಜಿ” ಎಂದು ಮಗ ಗೋಗರೆಯುವುದು, ಕೊನೆಗೆ ವೈರು ಕೀಳುವುದು, ಇದೆಲ್ಲ ಪಂದ್ಯದ ನಡುವೆ ನಡೆಯುವ ಜಗಳ. ಬೇಡ ಎನ್ನಲು ಸುಲಭವಾದ ಗಳಿಗೆ ಅದಕ್ಕಿಂತ ಮೊದಲೇ ಕಳೆದುಹೋಗಿರುತ್ತದೆ. ಆ ಗಳಿಗೆಯೆಂದರೆ ಚೀಟಿ ಮೇಲೆದ್ದ ಗಳಿಗೆ. ಅಷ್ಟು ಸಣ್ಣ ಚೀಟಿಯ ಬಗ್ಗೆ ಇಷ್ಟುದ್ದದ ಲೇಖನವೇಕೆ ಎಂದು ಕೇಳುವವರಿಗೆ ಇದೇ ಉತ್ತರ.

ಸದ್ದು ಅಡಗಿಸುವ ಬಗೆ

ಸ್ಟೀಮ್ ತೆರೆದಾಗ ಎಡಗಡೆ ಮೇಲ್ಮೂಲೆಯಲ್ಲಿ ಸ್ಟೀಮ್ ಎಂಬ ಪದವೇ ಇರುತ್ತದೆ. ಅದನ್ನು ಒತ್ತಿದರೆ ಇಳಿಯುವ ಪಟ್ಟಿಯಲ್ಲಿ ಸೆಟ್ಟಿಂಗ್ಸ್ ಎಂದಿದೆ. ಅದರೊಳಗೆ ಫ್ರೆಂಡ್ಸ್ ಅಂಡ್ ಚಾಟ್ ಮತ್ತು ನೋಟಿಫಿಕೇಶನ್ಸ್ ಎಂಬ ವಿಭಾಗಗಳಿವೆ. ಗೆಳೆಯ ಒಳಗೆ ಬಂದಾಗ, ಗೆಳೆಯ ಆಟ ಆರಂಭಿಸಿದಾಗ, ಗೆಳೆಯ ನೇರವಾಗಿ ಮಾತು ಬರೆದಾಗ, ಹೀಗೆ ಒಂದೊಂದು ಸಂದರ್ಭಕ್ಕೂ ಅಲ್ಲಿ ಬೇರೆ ಬೇರೆ ಗುಂಡಿಗಳು ಸಿಗುತ್ತವೆ. ಚೀಟಿ ತೋರಿಸಬೇಕೋ ಬೇಡವೋ, ಸದ್ದು ಮಾಡಬೇಕೋ ಬೇಡವೋ ಎಂಬುದನ್ನೂ ಪ್ರತ್ಯೇಕವಾಗಿ ಆರಿಸಬಹುದು. ಮೊದಲಿನ ಎರಡು ಯಂತ್ರದ ಸುದ್ದಿಗಳು, ಅವುಗಳ ಚೀಟಿಯನ್ನೂ ಸದ್ದನ್ನೂ ನಿಲ್ಲಿಸಿ. ಮೂರನೆಯದು ಗೆಳೆಯನ ಮಾತು. ಅದು ಇರಲಿ, ಬೇಕಿದ್ದರೆ ಸದ್ದನ್ನಷ್ಟೇ ತೆಗೆಯಿರಿ. ಎರಡು ನಿಮಿಷದ ಕೆಲಸ. ಈ ಲೇಖನದಲ್ಲಿ ಬೇರೇನೂ ಮಾಡಲು ಪುರುಸೊತ್ತಿಲ್ಲದವರು ಇದೊಂದನ್ನು ಮಾಡಿದರೆ ಮುಕ್ಕಾಲು ಪಾಲು ಗದ್ದಲ ಅಡಗುತ್ತದೆ.

ಎಲ್ಲರ ಸುದ್ದಿಯನ್ನೂ ನಿಲ್ಲಿಸಬೇಕು ಎಂದೇನೂ ಇಲ್ಲ. ಅಣ್ಣ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲಸಕ್ಕೆ ಹೋಗಿದ್ದಾನೆ, ಊರಿಗೆ ಬರುವುದು ಕ್ರಿಸ್ಮಸ್ಸಿಗೆ ಮತ್ತು ಊರ ಹಬ್ಬಕ್ಕೆ ಮಾತ್ರ. ಭಾನುವಾರ ರಾತ್ರಿ ಒಂದು ತಾಸು ಅಣ್ಣತಮ್ಮಂದಿರು ಕಂಪ್ಯೂಟರಿನಲ್ಲಿ ಒಟ್ಟಿಗೆ ಆಡುತ್ತಾರೆ. ಆಡುತ್ತಾ ಅವ್ವನ ಮಂಡಿನೋವಿನಿಂದ ಹಿಡಿದು ಕಾಲೇಜಿನ ಫೀಸಿನವರೆಗೆ ಮಾತಾಡುತ್ತಾರೆ. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತು ಆಟದ ನೆಪದಲ್ಲಿ ತಾಸುಗಟ್ಟಲೆ ಸಾಗುತ್ತದೆ. ಅಂಥ ಅಣ್ಣ ಬಂದನೆಂಬ ಸುದ್ದಿ ತಮ್ಮನಿಗೆ ಬೇಕು. ಪಟ್ಟಿಯಲ್ಲಿರುವ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಆ ಒಬ್ಬನಿಗಷ್ಟೇ ಬೇರೆ ಏರ್ಪಾಡು ಮಾಡಬಹುದು. ಮೆಚ್ಚಿನವರ ಸಾಲಿಗೆ ಸೇರಿಸಿದರೆ ಹೆಸರು ಪಟ್ಟಿಯ ತುದಿಯಲ್ಲೇ ಕಾಣುತ್ತದೆ. ಐವತ್ತರಲ್ಲಿ ಅಂಥವರು ಮೂರೋ ನಾಲ್ಕೋ ಇರಬಹುದು. ಯಾರು ಎಂಬುದನ್ನು ಮಗನೇ ಆರಿಸಲಿ. ಯಾರನ್ನು ಆರಿಸಿದ, ಏಕೆ ಎಂದು ಕೇಳಿದರೆ ಅವನ ಗೆಳೆಯರ ಬಗ್ಗೆ ನಿಮಗೆ ಗೊತ್ತಿಲ್ಲದ ಎಷ್ಟೋ ಸಂಗತಿ ತಿಳಿಯುತ್ತದೆ.

ನಾವೂ ಪಟ್ಟಿಯಲ್ಲಿದ್ದೇವೆ

ಇಲ್ಲಿಯವರೆಗೆ ಒಳಗೆ ಬರುವ ಸುದ್ದಿಯ ಮಾತಾಯಿತು. ನಮ್ಮ ಮನೆಯಿಂದ ಹೊರಗೆ ಹೋಗುವ ಸುದ್ದಿಯ ಕಡೆ ಹೆಚ್ಚಿನವರ ಗಮನವೇ ಇರುವುದಿಲ್ಲ. ನಿಮ್ಮ ಮಗ ರಾತ್ರಿ ಒಂದೂವರೆಗೆ ಆಟ ತೆರೆದರೆ ಅದೇ ಚೀಟಿ ಐವತ್ತು ಮನೆಗಳಲ್ಲಿ ಏಳಬಹುದು. ಜ್ವರವೆಂದು ಟ್ಯೂಷನ್ನಿಗೆ ಹೋಗದವನು ಮಧ್ಯಾಹ್ನ ಆಡಿದ್ದು ಸಹಪಾಠಿಗಳಿಗೆ ಗೊತ್ತಾಗುತ್ತದೆ. “ನನಗೆ ಬರಲ್ಲ ಅಂದಿ, ಆಮೇಲೆ ಬೇರೆಯವರ ಜೊತೆ ಆಡಿದಿ” ಎಂದು ಒಬ್ಬ ಇನ್ನೊಬ್ಬನೊಡನೆ ಮಾತು ಬಿಡುವುದೂ ಇದರಿಂದಲೇ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಇಂಥ ಮುನಿಸು ಸಣ್ಣದಲ್ಲ. ಅದು ಓದಿನ ಮೇಲೆ, ಊಟದ ಮೇಲೆ, ನಿದ್ದೆಯ ಮೇಲೆ ಬೀಳುತ್ತದೆ. ಕಾರಣ ಏನೆಂದು ತಾಯಿಗೆ ಹೊಳೆಯುವುದೂ ಇಲ್ಲ.

ಇದಕ್ಕೂ ಉಪಾಯಗಳಿವೆ. ಗೆಳೆಯರ ಪಟ್ಟಿಯ ಮೇಲೆ ತನ್ನದೇ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಆನ್‌ಲೈನ್, ಅವೇ, ಇನ್‌ವಿಸಿಬಲ್, ಆಫ್‌ಲೈನ್ ಎಂಬ ಸ್ಥಿತಿಗಳು ಕಾಣುತ್ತವೆ. ಇನ್‌ವಿಸಿಬಲ್ ಎಂದರೆ ಅಗೋಚರ. ನಾವು ಇತರರನ್ನು ನೋಡಬಹುದು, ಬೇಕಾದವರಿಗೆ ಬರೆಯಲೂಬಹುದು. ಅವರಿಗೆ ಮಾತ್ರ ನಾವು ಇಲ್ಲದವರಂತೆ ಕಾಣುತ್ತೇವೆ. ಆಫ್‌ಲೈನ್ ಆರಿಸಿದರೆ ಮಾತುಕತೆಯ ಬಾಗಿಲೇ ಮುಚ್ಚುತ್ತದೆ. ಒಂದು ನಿರ್ದಿಷ್ಟ ಆಟವನ್ನಷ್ಟೇ ಖಾಸಗಿ ಎಂದು ಗುರುತಿಸುವ ಸೌಲಭ್ಯವೂ ಈಗ ಇದೆ. ಇದಲ್ಲದೆ ಪ್ರೊಫೈಲ್ ತಿದ್ದುವ ಪುಟದ ಪ್ರೈವಸಿ ವಿಭಾಗದಲ್ಲಿ ಯಾವ ಆಟಗಳಿವೆ, ಗೆಳೆಯರು ಯಾರು ಎಂಬ ವಿವರಗಳನ್ನು ಎಲ್ಲರಿಗೂ ತೋರಿಸಬೇಕೋ, ಗೆಳೆಯರಿಗಷ್ಟೋ, ಯಾರಿಗೂ ಬೇಡವೋ ಎಂದು ನಿಗದಿಪಡಿಸಬಹುದು. ಎಷ್ಟು ತಾಸು ಆಡಿದ್ದೇನೆ ಎಂಬ ಲೆಕ್ಕವನ್ನು ಮುಚ್ಚಿಡಲು ಪ್ರತ್ಯೇಕ ಚೌಕವಿದೆ. ಹದಿನೆಂಟು ತುಂಬದವರ ಖಾತೆಯಲ್ಲಿ ಇವು ಯಾವುವೂ ಎಲ್ಲರಿಗೂ ತೆರೆದಿರಬಾರದು ಎಂಬುದು ಈ ಲೇಖಕನ ಅಭಿಪ್ರಾಯ. ದಾರಿಹೋಕನಿಗೆ ನಮ್ಮ ಮನೆಯ ಹುಡುಗ ಎಷ್ಟೊತ್ತಿಗೆ ಎಚ್ಚರವಿರುತ್ತಾನೆ ಎಂದು ತಿಳಿಯಬೇಕಾದ ಅಗತ್ಯವೇನು?

ಒಳಗಿದ್ದೂ ಇಲ್ಲವೆಂದು ತೋರಿಸಿಕೊಳ್ಳುವುದು ಸುಳ್ಳಾಗುವುದಿಲ್ಲವೇ? ಧರ್ಮೋಪದೇಶದ ತರಗತಿಯಲ್ಲಿ ಜಾಣ ಹುಡುಗಿಯೊಬ್ಬಳು ಹೀಗೆ ಕೇಳಿದರೆ ಉಪದೇಶಿಗಳು ಏನು ಹೇಳಬೇಕು? ಪ್ರಶ್ನೆ ಹಗುರವಾದುದಲ್ಲ. ಮಧ್ಯಾಹ್ನ ಮನೆಯ ಬಾಗಿಲು ಹಾಕಿಕೊಂಡು ಮಲಗುವವನು ಯಾರಿಗೂ ಸುಳ್ಳು ಹೇಳುತ್ತಿಲ್ಲ. ಬಾಗಿಲು ಮುಚ್ಚುವುದು ಅವನ ಹಕ್ಕು, ತನ್ನ ಸಮಯದ ಲೆಕ್ಕವನ್ನು ಬೀದಿಗೆಲ್ಲ ಒಪ್ಪಿಸಬೇಕೆಂಬ ಕಟ್ಟಳೆಯಿಲ್ಲ. ಆದರೆ ಮರುದಿನ ಗೆಳೆಯ ಎದುರಿಗೆ ಸಿಕ್ಕಿ “ನಿನ್ನೆ ರಾತ್ರಿ ಇದ್ದೆಯಾ?” ಎಂದು ಕೇಳಿದಾಗ “ಇಲ್ಲ, ಕರೆಂಟ್ ಹೋಗಿತ್ತು” ಎಂದರೆ ಅಲ್ಲಿ ಸುಳ್ಳು ಹುಟ್ಟಿತು. “ಇದ್ದೆ, ಒಬ್ಬನೇ ಆಡಬೇಕನಿಸಿತು” ಎನ್ನುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು, ಆದರೆ ಗೆಳೆತನ ಉಳಿಯುತ್ತದೆ. ತಂದೆತಾಯಿಗಳಿಂದ ಅಡಗಲು ಅಗೋಚರವಾಗುವುದು ಮೂರನೆಯ ಬಗೆ. ಓದುತ್ತೇನೆಂದು ಮಾತು ಕೊಟ್ಟ ಮೇಲೆ ಅಡಗಿ ಆಡಿದರೆ ತಪ್ಪು ಗುಂಡಿಯದಲ್ಲ, ಮಾತಿನದು.

ಹಿರಿಯರ ಪಾಲು

ಕೆಲವು ತಂದೆಯಂದಿರು ಮಗ ಶಾಲೆಗೆ ಹೋದಾಗ ಕಂಪ್ಯೂಟರ್ ತೆರೆದು ಎಲ್ಲ ಗುಂಡಿಗಳನ್ನೂ ತಾವೇ ತಿರುಗಿಸಿಟ್ಟುಬಿಡುತ್ತಾರೆ. ಇದರಿಂದ ಫಲವಿಲ್ಲ. ಹುಡುಗನಿಗೆ ಆ ಗುಂಡಿಗಳ ದಾರಿ ನಿಮಗಿಂತ ಚೆನ್ನಾಗಿ ಗೊತ್ತು, ಸಂಜೆಗೆ ಎಲ್ಲವೂ ಮೊದಲಿನಂತಾಗುತ್ತದೆ, ಮೇಲೆ ನಂಬಿಕೆಯೂ ಹೋಗುತ್ತದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಅವನ ಕೈಯಿಂದಲೇ ಮಾಡಿಸುವುದು ಲೇಸು. ಅವನ ಚೀಟಿ ನಿಲ್ಲಿಸುವ ಮೊದಲು ನಿಮ್ಮ ಜೇಬಿನಲ್ಲಿ ಟಿಂಗ್ ಟಿಂಗ್ ಎನ್ನುವ ವಾಟ್ಸಾಪನ್ನೂ ನಿಲ್ಲಿಸಿದರೆ ಮಾತಿಗೆ ಬೆಲೆ ಬರುತ್ತದೆ. ಬಲಿಪೂಜೆಯ ಹೊತ್ತಿನಲ್ಲಿ ಫೋನಿನ ಬಾಯಿ ಮುಚ್ಚಿಸಲು ನಾವೆಲ್ಲ ಕಲಿತಿದ್ದೇವೆ, ಮನೆಯ ಊಟದ ಹೊತ್ತಿಗೆ ಅದೇ ಅಭ್ಯಾಸ ಏಕೆ ಬರಲಿಲ್ಲವೋ ತಿಳಿಯದು.

ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಕೇವಲ ಮಾತು ಸಾಲದಿರಬಹುದು. ಅಂಥವರಿಗಾಗಿ 2024ರ ಸೆಪ್ಟೆಂಬರಿನಿಂದ ಸ್ಟೀಮ್ ಫ್ಯಾಮಿಲೀಸ್ ಎಂಬ ಏರ್ಪಾಡು ಎಲ್ಲರಿಗೂ ದೊರೆಯುತ್ತಿದೆ. ಒಂದೇ ಮನೆಯ ಆರು ಜನ ಇದರಲ್ಲಿ ಸೇರಬಹುದು. ಹಿರಿಯರೆಂದು ನೋಂದಾಯಿಸಿಕೊಂಡವರು ಮಗುವಿನ ಖಾತೆಗೆ ದಿನಕ್ಕೆ ಇಷ್ಟು ಹೊತ್ತು ಎಂದು ಗೊತ್ತುಮಾಡಬಹುದು, ಗೆಳೆಯರ ಮಾತುಕತೆಯ ವಿಭಾಗವನ್ನೇ ಮುಚ್ಚಬಹುದು, ಮಗು ಇನ್ನಷ್ಟು ಸಮಯ ಕೇಳಿದರೆ ಫೋನಿನಿಂದಲೇ ಒಪ್ಪಿಗೆ ಕೊಡಬಹುದು. ಏಳನೆಯ ತರಗತಿಯ ಹುಡುಗನಿಗೆ ಇದು ಸರಿಯೆನಿಸಬಹುದು. ಪಿ.ಯು.ಸಿ. ಓದುವವನಿಗೆ ಇದನ್ನು ಹೇರಿದರೆ ಗೆಳೆಯನ ಮನೆಯ ಕಂಪ್ಯೂಟರಿಗೆ ದಾರಿ ತೋರಿಸಿದಂತೆ.

ಹಾಗೆ ಬೇರೆ ಕಡೆ, ಹಾಸ್ಟೆಲಿನಲ್ಲೋ ಸೈಬರ್ ಕೆಫೆಯಲ್ಲೋ ಆಡುವವರು ಮುಗಿದ ಮೇಲೆ ಖಾತೆಯಿಂದ ಹೊರಬರುವುದನ್ನು ಮರೆಯಬಾರದು. ಮರೆತರೆ ಮುಂದೆ ಕುಳಿತವನಿಗೆ ಇವನ ಗೆಳೆಯರ ಸುದ್ದಿಯೆಲ್ಲ ಬರುತ್ತದೆ, ಇವನ ಹೆಸರಿನಲ್ಲಿ ಅವನು ಬರೆಯಲೂಬಹುದು. ಖಾತೆಯ ಭದ್ರತೆಯ ಪುಟದಲ್ಲಿ ಎಲ್ಲ ಕಂಪ್ಯೂಟರುಗಳಿಂದಲೂ ಒಮ್ಮೆಗೇ ಹೊರಬರುವ ಅವಕಾಶವಿದೆ, ಅನುಮಾನ ಬಂದಾಗ ಬಳಸಿ.

ಅನುಮಾನದ ಮಾತು ಬಂದದ್ದರಿಂದ ಹೇಳಬೇಕಾದದ್ದು: ಗೆಳೆಯನ ಹೆಸರಿನಲ್ಲಿ ಬಂದ ಪ್ರತಿ ಮಾತೂ ಗೆಳೆಯನದೇ ಆಗಿರುವುದಿಲ್ಲ. ಒಬ್ಬನ ಖಾತೆಯನ್ನು ಕದ್ದವರು ಅವನ ಪಟ್ಟಿಯಲ್ಲಿರುವ ಎಲ್ಲರಿಗೂ ಸಂದೇಶ ಕಳುಹಿಸುತ್ತಾರೆ. ನಮ್ಮ ತಂಡಕ್ಕೆ ಮತ ಹಾಕು ಎಂದು ಒಂದು ಕೊಂಡಿ ಬರುತ್ತದೆ. ಒತ್ತಿದರೆ ಸ್ಟೀಮಿನಂತೆಯೇ ಕಾಣುವ ನಕಲಿ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಇನ್ನೊಂದು ಬಗೆಯಲ್ಲಿ, ತಪ್ಪಿ ನಿನ್ನ ಮೇಲೆ ದೂರು ಕೊಟ್ಟುಬಿಟ್ಟೆ, ನಿನ್ನ ಖಾತೆ ಮುಚ್ಚುತ್ತಾರೆ, ಈ ಅಧಿಕಾರಿಯೊಡನೆ ಮಾತಾಡು ಎಂದು ಹೆದರಿಸುತ್ತಾರೆ. ಸ್ಟೀಮಿನ ನೌಕರರು ಚಾಟಿನಲ್ಲಿ ಬಂದು ಪಾಸ್‌ವರ್ಡನ್ನಾಗಲಿ ಸ್ಟೀಮ್ ಗಾರ್ಡ್ ಸಂಖ್ಯೆಯನ್ನಾಗಲಿ ಎಂದೂ ಕೇಳುವುದಿಲ್ಲ. ಇಂಥ ಸಂದೇಶ ಬಂದರೆ ಆ ಗೆಳೆಯನಿಗೇ ಫೋನ್ ಮಾಡಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ವಂಚನೆಯ ದೂರು ಕೊಡಿ. ಮಗ ಹೆದರಿ ಮುಚ್ಚಿಟ್ಟಿದ್ದರೆ ಮೊದಲು ಬೈಯಬೇಡಿ, ಮೊದಲು ಕರೆ ಮಾಡಿ. ಅಪರಿಚಿತರ ವಿಷಯವೂ ಹೀಗೆಯೇ. 5 ಡಾಲರಿನಷ್ಟಾದರೂ ಖರ್ಚು ಮಾಡದ ಖಾತೆ ತಾನಾಗಿ ಗೆಳೆತನದ ಕೋರಿಕೆ ಕಳುಹಿಸಲಾರದು, ಆದರೆ ಬಂದದ್ದನ್ನು ಒಪ್ಪಿಕೊಳ್ಳಬಹುದು. ಹಾಗಾಗಿ ಏನನ್ನೂ ಕೊಳ್ಳದೆ ಬಿಟ್ಟಿ ಆಟವಷ್ಟೇ ಆಡುವ ಮಗುವಿನ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಹೆಚ್ಚಿನವು ತಾವಾಗಿ ಬಂದವು. ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ಜೊತೆಯಲ್ಲಿ ಕುಳಿತು ಓದಿ, ಯಾರೆಂದು ಹೇಳಲಾಗದ ಹೆಸರನ್ನು ತೆಗೆದುಹಾಕಿ. ತೆಗೆದದ್ದಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಕೊನೆಗೆ ಒಂದು ವಿಷಯ ಬಿಟ್ಟುಹೋಗಬಾರದು. ಕಂಪ್ಯೂಟರಿನಲ್ಲಿ ಎಲ್ಲವನ್ನೂ ನಿಲ್ಲಿಸಿದ ಮೇಲೂ ಫೋನು ಟಿಂಗ್ ಎನ್ನುತ್ತಿದ್ದರೆ, ಅಲ್ಲಿಯೂ ಸ್ಟೀಮಿನ ಆ್ಯಪ್ ಇದೆ ಎಂದು ತಿಳಿಯಿರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಸೂಚನೆಗಳನ್ನು ಬೇರೆಯಾಗಿ ನಿಲ್ಲಿಸಬೇಕು. ಆ್ಯಪನ್ನೇ ಅಳಿಸಿಬಿಡಬೇಡಿ, ಖಾತೆಗೆ ಬೀಗವಾಗಿರುವ ಸ್ಟೀಮ್ ಗಾರ್ಡ್ ಸಂಖ್ಯೆ ಬರುವುದು ಅದರಲ್ಲೇ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಪರೀಕ್ಷೆಯ ತಿಂಗಳುಗಳಿಗೆಂದು ಅಣ್ಣನ ಸುದ್ದಿಯನ್ನೂ ಸೇರಿಸಿ ಎಲ್ಲವನ್ನೂ ನಿಲ್ಲಿಸಿದ್ದರೆ, ಯಾವ ದಿನ ಮತ್ತೆ ತೆರೆಯುವುದೆಂದು ಮೊದಲೇ ಮಾತಾಡಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ದಿನ ಬಂದಾಗ ಅದನ್ನು ತೆರೆಯಲು ಮಗನಿಗೆ ನೀವೇ ನೆನಪಿಸಿ.